ಹಾಲುಹಲ್ಲು ಉದುರುವ ಮುಂಚೆ

"ಡಾಕ್ಟ್ರೇ, ಮರಿ ಕಚ್ಚೋದು ನಿಲ್ಲೋಕೆ ಏನಾದ್ರೂ ಇಂಜೆಕ್ಷನ್ ಇದ್ರೆ ಹಾಕ್ಬಿಡಿ."

ತುಮಕೂರಿನ ನನ್ನ ಕ್ಲಿನಿಕ್ಕಿನಲ್ಲಿ ಈ ಬೇಡಿಕೆ ಹೊಸದಲ್ಲ. ಕೇಳಿದವರ ಕೈ ತುಂಬ ಗೀರು, ಜೊತೆಗೆ ಬಂದ ಹುಡುಗನ ಪೈಜಾಮದ ಅಂಚು ಚಿಂದಿ. ಈಗಲೇ ಹೀಗಾದರೆ ದೊಡ್ಡದಾದ ಮೇಲೆ ಏನು ಗತಿ ಅನ್ನುವ ಭಯ ಬೇರೆ. ಅಂಥ ಇಂಜೆಕ್ಷನ್ ಇಲ್ಲ, ಬೇಕಾಗಿಯೂ ಇಲ್ಲ. ಮೂರು ತಿಂಗಳ ಮರಿ ಆಟದಲ್ಲಿ ಯಾರನ್ನೂ ಕಚ್ಚುತ್ತಿಲ್ಲ ಅಂದರೆ ನಾನು ಮೊದಲು ಥರ್ಮಾಮೀಟರ್ ತೆಗೆಯುತ್ತೇನೆ.

ಮರಿಗೆ ಮೂರು ವಾರ ದಾಟಿದ ಮೇಲೆ ಹಾಲುಹಲ್ಲು ಹುಟ್ಟಲು ಶುರುವಾಗಿ, ಎರಡು ತಿಂಗಳ ಹೊತ್ತಿಗೆ 28 ಹಲ್ಲು ತುಂಬಿಕೊಳ್ಳುತ್ತವೆ. ಹಲ್ಲು ಬಲು ಮೊನಚು, ದವಡೆಯಲ್ಲಿ ಮಾತ್ರ ಶಕ್ತಿ ಇಲ್ಲ. ಹಾಗಾಗಿ ಕಚ್ಚಿಸಿಕೊಂಡವರಿಗೆ ಚುರುಕ್ ಅನ್ನುತ್ತದೆ, ದೊಡ್ಡ ಗಾಯವಾಗುವುದು ಕಡಿಮೆ. ನಾಲ್ಕು ತಿಂಗಳ ಸುಮಾರಿಗೆ ಇವು ಉದುರತೊಡಗುತ್ತವೆ. ಆರೇಳು ತಿಂಗಳಿಗೆ 42 ಗಟ್ಟಿ ಹಲ್ಲು ಬಂದಿರುತ್ತವೆ, ದವಡೆಯೂ ಬಲಿತಿರುತ್ತದೆ. ಎಷ್ಟು ಒತ್ತಿದರೆ ಇನ್ನೊಬ್ಬರಿಗೆ ನೋವಾಗುತ್ತದೆ ಎಂದು ಕಲಿಯಲು ಹಾಲುಹಲ್ಲಿನ ಈ ಎರಡು ಮೂರು ತಿಂಗಳಷ್ಟು ಒಳ್ಳೆಯ ಕಾಲ ಮತ್ತೆ ಬರುವುದಿಲ್ಲ.

ಮೊದಲ ಪಾಠ ತಾಯಿಯ ಹತ್ತಿರವೇ ಆಗುತ್ತದೆ. ಮೊಲೆಗೆ ಹಲ್ಲು ತಾಗಿತೋ, ತಾಯಿ ಎದ್ದು ನಡೆಯುತ್ತಾಳೆ. ತಮ್ಮನ ಕಿವಿಯನ್ನು ಜೋರಾಗಿ ಕಚ್ಚಿದರೆ ಅವನು ಕುಂಯ್ ಎಂದು ಆಟ ಬಿಟ್ಟು ಹೋಗುತ್ತಾನೆ. ಕಚ್ಚಿದವನು ಪೆಚ್ಚಾಗಿ ಕೂರುತ್ತಾನೆ, ಮುಂದಿನ ಸಲ ಸ್ವಲ್ಪ ಹಗುರವಾಗಿ ಹಿಡಿಯುತ್ತಾನೆ. ನಮ್ಮಲ್ಲಿ ಕಣ್ಣು ಬಿಟ್ಟು ಹದಿನೈದು ದಿನವಾಗುವಷ್ಟರಲ್ಲೇ ಮರಿಯನ್ನು ಚಪ್ಪಲಿ ಡಬ್ಬಿಯಲ್ಲಿ ಹಾಕಿ ಕಳಿಸಿಬಿಡುತ್ತಾರೆ. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು ಕೇಂದ್ರ ಸರ್ಕಾರದ 2017ರ ನಿಯಮವೇ ಇದೆ. ಬೇಗ ತಂದ ಮರಿಯಾದರೆ ತಾಯಿ, ತಮ್ಮ ಇಬ್ಬರ ಪಾಠವನ್ನೂ ಮನೆಯವರೇ ಮಾಡಬೇಕು.

ಇಯಾನ್ ಡನ್‌ಬಾರ್ ಎಂಬ ಪಶುವೈದ್ಯರು 1980ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರಿಗಳಿಗೆಂದೇ ತರಗತಿ ನಡೆಸಿ ಹೆಸರಾದವರು. ಕಚ್ಚುವುದನ್ನು ಒಂದೇ ಏಟಿಗೆ ನಿಲ್ಲಿಸಬೇಡಿ, ಮೊದಲು ಕಡಿತ ಹಗುರವಾಗಲಿ, ಆಮೇಲೆ ಕಡಿಮೆಯಾಗಲಿ ಎಂಬ ಅವರ ಕ್ರಮವನ್ನೇ ನಾನೂ ಹೇಳುತ್ತೇನೆ. ಎಷ್ಟೇ ಸಾಧು ನಾಯಿಯಾದರೂ ಒಂದು ದಿನ ಬಾಲ ಬಾಗಿಲಿಗೆ ಸಿಕ್ಕಾಗ ತಿರುಗಿ ಬಾಯಿ ಹಾಕೀತು. ಆಗ ಚರ್ಮಕ್ಕೆ ಹಲ್ಲು ಬರೀ ತಾಗುತ್ತದೋ, ಮಾಂಸಕ್ಕೆ ಇಳಿಯುತ್ತದೋ ಎನ್ನುವುದಕ್ಕೂ ಮರಿಯಾಗಿದ್ದಾಗ ಕಲಿತದ್ದಕ್ಕೂ ನಂಟಿದೆ.

ಬಟವಾಡಿ ಕಡೆಯ ಒಂದು ಮನೆಗೆ ಬೆಲ್ಲ ಎಂಬ ಕಂದು ಬಣ್ಣದ ಬೀದಿಮರಿಯನ್ನು ನೋಡಲು ಹೋಗಿದ್ದೆ. ಅಜ್ಜಿ ಕಸ ಗುಡಿಸುತ್ತಿದ್ದರು. ಬೆಲ್ಲ ಪೊರಕೆಗೆ ನೇತುಬಿದ್ದಿತ್ತು. "ಹಚಾ" ಎಂದು ಅವರು ಪೊರಕೆ ಎಳೆದಷ್ಟೂ ಅದಕ್ಕೆ ಖುಷಿ. ಪೊರಕೆ ಬಿಟ್ಟರೆ ಸೀರೆಯ ನೆರಿಗೆ, ಸೀರೆ ಬಿಟ್ಟರೆ ಕಿರುಚಿಕೊಂಡು ಓಡುವ ಮೊಮ್ಮಗನ ಹಿಮ್ಮಡಿ. ಮಗ ಯಾವುದೋ ವಿಡಿಯೋ ನೋಡಿ ಮೂತಿ ಅದುಮಿ ಹಿಡಿಯುತ್ತಿದ್ದರು, ಬಿಟ್ಟ ಕೂಡಲೇ ಮರಿ ಇಮ್ಮಡಿ ಜೋರಿನಲ್ಲಿ ಅವರ ಮೇಲೇ ಹಾರುತ್ತಿತ್ತು. ಕಚ್ಚಿಸಿಕೊಳ್ಳದೆ ಇದ್ದವರು ತಾತ ಒಬ್ಬರೇ. ಹಲ್ಲು ತಾಗಿದ ತಕ್ಷಣ ಅವರು ಆಟ ನಿಲ್ಲಿಸಿ, ಕೈ ಕಟ್ಟಿ, ಗೋಡೆ ಕಡೆ ಮುಖ ಮಾಡುತ್ತಿದ್ದರು. "ಮಾತಾಡಿಸದೆ ಇದ್ರೆ ತಾನೇ ಸುಮ್ನಾಗುತ್ತೆ ಕಣಪ್ಪ" ಎಂದರು. ನನ್ನ ಫೀಸು ಅವರಿಗೇ ಸಲ್ಲಬೇಕಿತ್ತು.

ಮನೆಮಂದಿಗೆಲ್ಲ ತಾತನ ದಾರಿಯನ್ನೇ ಹಿಡಿಸಿದೆ. ಜೋರಾಗಿ ಕಚ್ಚಿದಾಗ "ಆಯ್" ಎಂದು ಮಾಮೂಲಿ ದನಿಯಲ್ಲಿ ಹೇಳಿ ಕೈ ಸಡಿಲ ಬಿಡಬೇಕು, ಸರಕ್ಕನೆ ಎಳೆಯಬಾರದು. ಎಳೆದರೆ ಚರ್ಮವೂ ಗೀರುತ್ತದೆ, ಓಡುವುದನ್ನು ಹಿಡಿಯಬೇಕೆಂಬ ಹುಟ್ಟುಗುಣವೂ ಕೆರಳುತ್ತದೆ. ಕುಂಯ್ ಎಂದು ಕಿರುಚಿ ಅಂತ ಕೆಲವರು ಹೇಳುತ್ತಾರೆ. ಕೆಲವು ಮರಿ ಅದಕ್ಕೆ ಬಿಡುತ್ತವೆ, ಕೆಲವಕ್ಕೆ ಹುಮ್ಮಸ್ಸು ಹೆಚ್ಚುತ್ತದೆ. ಬೆಲ್ಲ ಎರಡನೇ ಜಾತಿ. ಸುಮ್ಮನಾಗದಿದ್ದರೆ ಎದ್ದು, ಬಾಗಿಲಿಗೆ ಅಡ್ಡ ಇಟ್ಟ ಹಲಗೆ ದಾಟಿ ಆಚೆ ನಿಲ್ಲಬೇಕು. ಅರ್ಧ ನಿಮಿಷ ಸಾಕು. ಆಮೇಲೆ ವಾಪಸು ಬಂದು ಆಟ ಮುಂದುವರಿಸಲೇಬೇಕು. ಸಿಟ್ಟು ಮಾಡಿಕೊಂಡು ಸಂಜೆಯವರೆಗೂ ದೂರವಿಟ್ಟರೆ ಯಾವುದಕ್ಕೆ ಶಿಕ್ಷೆ ಎಂದು ಮರಿಗೆ ತಿಳಿಯುವುದೇ ಇಲ್ಲ. ಶುರುವಿಗೆ ಜೋರು ಕಡಿತಕ್ಕೆ ಮಾತ್ರ ಹೀಗೆ. ಅದು ತಗ್ಗಿದ ಮೇಲೆ ಸಾಧಾರಣ ಕಡಿತಕ್ಕೂ, ಕೊನೆಗೆ ಹಲ್ಲು ಸೋಕಿದರೂ ಆಟ ಬಂದ್.

ಮೊಮ್ಮಗನ ವಿಷಯದಲ್ಲಿ ಮಾತ್ರ ಮೆಟ್ಟಿಲು ಲೆಕ್ಕವಿಲ್ಲ, ಮಕ್ಕಳ ಮೈಗೆ ಹಲ್ಲು ಬೇಡವೇ ಬೇಡ. ಅವನಿಗೆ ಸ್ಟ್ಯಾಚ್ಯೂ ಆಟ ಹೇಳಿಕೊಟ್ಟೆ: ಮರಿ ಮೇಲೆ ಬಂದರೆ ಕೈ ಕಟ್ಟಿಕೊಂಡು ಅಲ್ಲಾಡದೆ ನಿಲ್ಲುವುದು. ದೊಡ್ಡವರು ಹತ್ತಿರವಿಲ್ಲದಾಗ ಇಬ್ಬರನ್ನೇ ಬಿಡಕೂಡದು.

ಸಂಜೆ ಏಳರ ಹೊತ್ತಿಗೆ ಮರಿಗೆ ಹುಚ್ಚು ಹಿಡಿದಂತಾಗುತ್ತದೆ ಎನ್ನುವವರು ಅದರ ನಿದ್ದೆಯ ಲೆಕ್ಕ ಹಾಕಲಿ. ಈ ವಯಸ್ಸಿಗೆ ದಿನಕ್ಕೆ ಹದಿನೆಂಟು ಗಂಟೆ ನಿದ್ದೆ ಬೇಕು. ಜನ ತುಂಬಿದ ಮನೆಯಲ್ಲಿ ಬಂದವರೆಲ್ಲ ಎಬ್ಬಿಸಿ ಮುದ್ದಾಡುತ್ತಾರೆ. ನಾನು ಕಂಡಂತೆ ಸಂಜೆಯ ಕಚ್ಚಾಟದಲ್ಲಿ ಅರ್ಧ ನಿದ್ದೆಗೆಟ್ಟದ್ದು. ಗಲಾಟೆಯಿಲ್ಲದ ಮೂಲೆಯಲ್ಲಿ ಮಲಗಿಸಿದರೆ ತರಬೇತಿಯ ಅರ್ಧ ಕೆಲಸ ಅಲ್ಲೇ ಆದೀತು.

ಹಲ್ಲು ಬದಲಾಗುವಾಗ ವಸಡು ನವೆಯುತ್ತದೆ. ಫ್ರಿಜ್ಜಿನಲ್ಲಿಟ್ಟ ಕ್ಯಾರೆಟ್ ಕೊಡಿ, ಇಲ್ಲವೇ ಹಳೆ ಟವೆಲ್ ಒದ್ದೆ ಮಾಡಿ ಗಂಟು ಹಾಕಿ ಫ್ರೀಜರಿನಲ್ಲಿಟ್ಟು ಕೊಡಿ, ಎಳೆ ಬಿಚ್ಚಿಕೊಂಡಾಗ ಕಿತ್ತುಕೊಳ್ಳಿ. ಬೇಯಿಸಿದ ಮೂಳೆ ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ಹಳೆ ಚಪ್ಪಲಿ ಕೊಟ್ಟವರು ಹೊಸ ಚಪ್ಪಲಿಯ ಆಸೆ ಬಿಡಬೇಕು.

ಮೂಗಿಗೆ ಹೊಡೆಯುವುದು, ಗಂಟಲಿಗೆ ಬೆರಳು ತುರುಕುವುದು, ಕೈಗೆ ಖಾರದಪುಡಿ ಸವರಿಕೊಳ್ಳುವುದು, ಇವೆಲ್ಲ ಮನುಷ್ಯನ ಕೈ ಕಂಡರೆ ಹೆದರುವ ನಾಯಿಯನ್ನು ತಯಾರು ಮಾಡುತ್ತವೆ. ಹೆದರಿದ ನಾಯಿಯ ಕಡಿತ ಆಟದ್ದಲ್ಲ. ಇನ್ನು "ಕಾವಲಿಗೆ ಬೇಕು ಸಾರ್, ಕಚ್ಚಲಿ ಬಿಡಿ" ಎಂದು ಕೈಯನ್ನೇ ಆಟಿಕೆ ಮಾಡಿಕೊಡುವ ಗಂಡಸರ ಜೊತೆ ನನಗೆ ತಾಳ್ಮೆ ಕಡಿಮೆ. ಮನೆಯ ಹೆಂಗಸರನ್ನೇ ಕಚ್ಚುವ ನಾಯಿ ಯಾರನ್ನು ಕಾಯುತ್ತದೆ?

ರೇಬೀಸ್ ವಿಷಯಕ್ಕೆ ಬಂದರೆ "ಮರಿಯಲ್ವಾ, ಏನಾಗಲ್ಲ" ಎಂಬ ಮಾತು ನನ್ನ ನಿದ್ದೆ ಕೆಡಿಸುತ್ತದೆ. ನಾಯಿಗೆ ರೇಬೀಸ್ ಲಸಿಕೆ ಸಾಮಾನ್ಯವಾಗಿ ಮೂರು ತಿಂಗಳಿಗೆ ಶುರು. ಬೀದಿಯಿಂದ ತಂದ, ಇನ್ನೂ ಲಸಿಕೆಯಾಗದ ಮರಿಯ ಹಲ್ಲಿನಿಂದ ಚರ್ಮ ತರಚಿದರೂ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ, ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ.

ಆಟವಲ್ಲದ ಕಡಿತವೂ ಇದೆ. ಆಡುವ ಮರಿಯ ಮೈ ಸಡಿಲವಾಗಿರುತ್ತದೆ, ಮುಂಗಾಲು ಚಾಚಿ ಹಿಂಭಾಗ ಎತ್ತಿ ಕರೆಯುತ್ತದೆ. ಅದರ ಬದಲು ತಟ್ಟೆಯ ಹತ್ತಿರ ಮೈ ಸೆಟೆದು, ದಿಟ್ಟಿಸಿ ಗುರುಗುಟ್ಟಿದರೆ, ಅಥವಾ ಕಿವಿಯನ್ನೋ ಸೊಂಟವನ್ನೋ ಮುಟ್ಟಿದಾಗ ಮಾತ್ರ ಕಚ್ಚಿದರೆ, ಒಳಗೆ ನೋವಿರಬಹುದು, ವೈದ್ಯರಿಗೆ ತೋರಿಸಿ. ಬರುವಾಗ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಬನ್ನಿ. ಕ್ಲಿನಿಕ್ಕಿನ ಮೇಜು ಹತ್ತಿದರೆ ಎಂಥ ಪುಂಡ ಮರಿಯೂ ಸಂಭಾವಿತನಂತೆ ಕೂತುಬಿಡುತ್ತದೆ.