ಸಮಾಧಿಶಿಲೆಗಳ ಶುದ್ಧಿ ಮತ್ತು ದುರಸ್ತಿ: ಕಲ್ಲು, ಮಣ್ಣು, ನೀರನ್ನು ಅರಿತು ಮಾಡುವ ಕಾಯಕ

ಲಿಂಗಾಯತ ಸಂಪ್ರದಾಯದಲ್ಲಿ ಲಿಂಗೈಕ್ಯರಾದವರ ದೇಹವನ್ನು ಸುಡುವ ಪದ್ಧತಿಯಿಲ್ಲ. ವಿಭೂತಿ ಧರಿಸಿ, ಕರಸ್ಥಲದಲ್ಲಿ ಇಷ್ಟಲಿಂಗವನ್ನಿರಿಸಿ, ಕುಳಿತ ಭಂಗಿಯಲ್ಲಿಯೇ ಭೂಮಿತಾಯಿಯ ಮಡಿಲಿಗೆ ಒಪ್ಪಿಸಲಾಗುತ್ತದೆ. ಆ ನೆಲದ ಮೇಲೆ ಕೆಲವರು ಗದ್ದುಗೆ ಕಟ್ಟಿಸುತ್ತಾರೆ. ಕೆಲವರು ಲಿಂಗ, ನಂದಿಯರ ಉಬ್ಬುಚಿತ್ರವಿರುವ ಒಂದು ಕಲ್ಲು ನಿಲ್ಲಿಸಿ ಹೆಸರು ಕೆತ್ತಿಸುತ್ತಾರೆ. ಆದುದರಿಂದಲೇ ನಮ್ಮ ಊರೂರಿನ ರುದ್ರಭೂಮಿಗಳಲ್ಲಿ ಸಮಾಧಿಶಿಲೆಗಳು ಹೇರಳವಾಗಿವೆ. ಅವುಗಳಲ್ಲಿ ಅನೇಕವು ಇಂದು ವಾಲಿವೆ, ಬಿರಿದಿವೆ, ಪಾಚಿಗಟ್ಟಿವೆ; ಕೆತ್ತಿದ ಅಕ್ಷರಗಳು ಮಾಸಿಹೋಗುತ್ತಿವೆ.

ಶರಣರು ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದು ಸಾರಿದರು. ಹೀಗಿರುವಾಗ ಕಲ್ಲಿನ ಆರೈಕೆಗೆ ಇಷ್ಟು ಶ್ರಮವೇಕೆಂದು ಕೇಳುವವರುಂಟು. ಪ್ರಶ್ನೆ ಯೋಗ್ಯವಾದುದೇ. ಅರಸರ ಹೆಸರಿಗೆ ಶಾಸನಗಳಿವೆ, ಮಠಗಳಿಗೆ ಗುರುಪರಂಪರೆಯ ದಾಖಲೆಗಳಿವೆ. ಆದರೆ ಹೊಲ ಉತ್ತವರ, ಮಗ್ಗ ನೇಯ್ದವರ, ಮನೆ ನಡೆಸಿದ ತಾಯಂದಿರ ಹೆಸರು ಎಲ್ಲಿದೆ? ಜನನ-ಮರಣ ನೋಂದಣಿಯ ಕೇಂದ್ರ ಕಾಯ್ದೆ ಬಂದುದೇ 1969ರಲ್ಲಿ. ಅದಕ್ಕೂ ಹಿಂದಿನ ಅನೇಕ ಹಿರಿಯರ ಹೆಸರು, ಐಕ್ಯರಾದ ದಿನ, ಊರು ಉಳಿದಿರುವುದು ಆ ಒಂದು ಕಲ್ಲಿನ ಮೇಲೆ ಮಾತ್ರ. ಕಲ್ಲು ಪೂಜೆಗಾಗಿ ಉಳಿಯಬೇಕೆಂಬುದಲ್ಲ. ಅದು ಹೊತ್ತಿರುವ ಹೆಸರು ಉಳಿಯಬೇಕು. ಈ ಗುರಿ ಸ್ಪಷ್ಟವಾದರೆ ಏನು ಮಾಡಬೇಕು, ಏನನ್ನು ಮಾಡಕೂಡದು ಎಂಬುದು ತಾನಾಗಿಯೇ ತಿಳಿಯುತ್ತದೆ.

ಮೊದಲು ಕಲ್ಲನ್ನು ಅರಿಯಬೇಕು

ಎಲ್ಲ ಕಲ್ಲೂ ಒಂದೇ ಅಲ್ಲ. ಇಳಕಲ್ ಸುತ್ತಿನ ಕೆಂಪು ಕಣಶಿಲೆ ಬಹಳ ಗಟ್ಟಿ. ನೀರನ್ನು ಅಷ್ಟಾಗಿ ಹೀರುವುದಿಲ್ಲ. ಬಾದಾಮಿ, ಗುಳೇದಗುಡ್ಡ ಭಾಗದ ಕೆಂಪು ಮರಳುಗಲ್ಲು ನೀರನ್ನು ಹೀರಿಕೊಳ್ಳುತ್ತದೆ. ಅದರ ಮೇಲ್ಮೈ ಕಾಲಾಂತರದಲ್ಲಿ ಮರಳಾಗಿ ಉದುರುತ್ತದೆ. ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ಪದರಪದರವಾದ ಸುಣ್ಣಕಲ್ಲು. ಹುಳಿ ತಾಗಿದರೆ ಕರಗುತ್ತದೆ, ಪದರಗಳ ನಡುವೆ ನೀರು ಇಳಿದರೆ ಹೊಪ್ಪಳೆಯೇಳುತ್ತದೆ. ಬಳಪದ ಕಲ್ಲು ಕೆತ್ತನೆಗೆ ಸುಲಭ, ಅಷ್ಟೇ ಸುಲಭವಾಗಿ ಗೀರುಬೀಳುತ್ತದೆ.

ಇದನ್ನು ತಿಳಿಯಲು ಎರಡು ಸರಳ ಪರೀಕ್ಷೆಗಳಿವೆ. ಅಕ್ಷರವಿಲ್ಲದ ಬದಿಯಲ್ಲಿ ಒಂದು ಹನಿ ನೀರು ಹಾಕಿ ನೋಡಬೇಕು. ಕೂಡಲೇ ಹೀರಿಕೊಂಡರೆ ಅದು ರಂಧ್ರಮಯವಾದ ಕಲ್ಲು, ಹೆಚ್ಚಿನ ಎಚ್ಚರ ಬೇಕು. ಬೆರಳ ಗೆಣ್ಣಿನಿಂದ ಮೆಲ್ಲನೆ ತಟ್ಟಬೇಕು. ಪೊಳ್ಳು ಸದ್ದು ಬಂದರೆ ಪದರ ಬಿಟ್ಟುಕೊಂಡಿದೆ ಎಂದರ್ಥ. ಅಂತಹ ಕಲ್ಲನ್ನು ಉಜ್ಜಲೇಬಾರದು.

ನೆಲ ಮತ್ತು ಹವೆ ಮಾಡುವ ಹಾನಿ

ವಿಜಯಪುರ, ಧಾರವಾಡ, ಗದಗ ಮೊದಲಾದ ಜಿಲ್ಲೆಗಳ ಎರೆಮಣ್ಣು ಮಳೆಗಾಲದಲ್ಲಿ ನೀರುಂಡು ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿಬಿಟ್ಟು ಬಿರಿಯುತ್ತದೆ. ವರ್ಷವರ್ಷವೂ ನಡೆಯುವ ಈ ಏರಿಳಿತದಲ್ಲಿ ಮೇಲಿನ ಶಿಲೆ ವಾಲುವುದು, ಗದ್ದುಗೆಯ ಕಟ್ಟೆ ಬಿರುಕು ಬಿಡುವುದು ಸಹಜ. ತುಂಗಭದ್ರಾ, ಕೃಷ್ಣಾ ಅಚ್ಚುಕಟ್ಟಿನಲ್ಲಿ ರೈತರು ಬಲ್ಲ ಸವಳು-ಜವಳಿನ ಬಾಧೆ ರುದ್ರಭೂಮಿಗೂ ತಟ್ಟುತ್ತದೆ. ನೆಲದ ಉಪ್ಪು ನೀರಿನೊಡನೆ ಕಲ್ಲಿನೊಳಗೆ ಏರಿ, ನೀರು ಆರಿದಾಗ ಹರಳುಗಟ್ಟುತ್ತದೆ. ಆ ಹರಳುಗಳ ಒತ್ತಡಕ್ಕೆ ಕಲ್ಲಿನ ಮೇಲ್ಪದರ ಪುಡಿಯಾಗುತ್ತದೆ. ಕಲ್ಲಿನ ಬುಡದ ಒಂದೆರಡು ಅಡಿಯಲ್ಲಿ ಕಾಣುವ ಬಿಳಿಯ ಪುಡಿಯೇ ಇದರ ಕುರುಹು.

ಚನ್ನಬಸವಣ್ಣನವರು ಐಕ್ಯರಾದ ಉಳವಿಯಂತಹ ಮಲೆನಾಡಿನ ಕ್ಷೇತ್ರಗಳಲ್ಲಿ ಕಥೆ ಬೇರೆ. ಅಲ್ಲಿ ತಿಂಗಳುಗಟ್ಟಲೆ ಸುರಿಯುವ ಮಳೆ ಮತ್ತು ನೆರಳಿನಿಂದ ಪಾಚಿ, ಕಲ್ಲುಹೂವು ಬೆಳೆಯುತ್ತವೆ. ಕಲ್ಲುಹೂವು ಸ್ರವಿಸುವ ಆಮ್ಲ ಕಲ್ಲನ್ನು ಮೆಲ್ಲನೆ ತಿನ್ನುತ್ತದೆ.

ಈ ಎಲ್ಲದರ ಮೂಲದಲ್ಲಿರುವುದು ನೀರು. ಕೃಷ್ಣಾ-ಮಲಪ್ರಭಾ ಸಂಗಮವನ್ನು ನಾರಾಯಣಪುರ ಜಲಾಶಯದ ಹಿನ್ನೀರು ಆವರಿಸಿದಾಗ, ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳವನ್ನು ಕದಲಿಸದೆ ಸುತ್ತಲೂ ಬಾವಿಯಂತೆ ಗೋಡೆಯೆಬ್ಬಿಸಿ ಕಾಪಾಡಲಾಯಿತು. ನಮ್ಮ ಊರಿನ ಚಿಕ್ಕ ಸಮಾಧಿಗೂ ಅದೇ ತತ್ತ್ವ ಅನ್ವಯಿಸುತ್ತದೆ. ತೊಳೆಯುವುದಕ್ಕಿಂತ ಮೊದಲು ನೀರು ಬುಡದಲ್ಲಿ ನಿಲ್ಲದಂತೆ ನೋಡಿಕೊಳ್ಳಬೇಕು. ಸುತ್ತಲಿನ ನೆಲ ಕಲ್ಲಿನಿಂದ ಹೊರಕ್ಕೆ ಇಳಿಜಾರಾಗಿರಬೇಕು. ಇಷ್ಟನ್ನೇ ಮಾಡಿದರೂ ಅರ್ಧ ಕೆಲಸ ಮುಗಿದಂತೆ.

ಭಕ್ತಿಯಿಂದಲೇ ಆಗುವ ಹಾನಿ

ಬಿಸಿಲು ಮಳೆಗಳು ಮಾಡುವ ಹಾನಿ ನಿಧಾನವಾದುದು. ಪುಣ್ಯಸ್ಮರಣೆಯ ಹಿಂದಿನ ದಿನ ಅವಸರದಲ್ಲಿ ನಾವು ಮಾಡುವ ಹಾನಿ ಒಂದೇ ಗಂಟೆಯದು. ತಂತಿಬ್ರಷ್ಷಿನಿಂದ ತಿಕ್ಕುವುದು, ಶೌಚಾಲಯಕ್ಕೆ ಬಳಸುವ ಆ್ಯಸಿಡ್ ಸುರಿಯುವುದು, ಬ್ಲೀಚಿಂಗ್ ಪೌಡರ್ ಎರಚುವುದು, ವಾಹನ ತೊಳೆಯುವ ಯಂತ್ರದಿಂದ ರಭಸವಾಗಿ ನೀರು ಹಾಯಿಸುವುದು, ಇವೆಲ್ಲವೂ ಕಲ್ಲಿನ ಮೇಲ್ಪದರವನ್ನೇ ಕಿತ್ತೊಯ್ಯುತ್ತವೆ. ಅಕ್ಷರಗಳಿರುವುದು ಆ ಮೇಲ್ಪದರದಲ್ಲಿಯೇ. ಹಿತ್ತಾಳೆ ಪಾತ್ರೆಗೆ ಹಾಕುವಂತೆ ಹುಣಸೆಹುಳಿ, ನಿಂಬೆರಸ ಹಚ್ಚುವವರೂ ಇದ್ದಾರೆ. ಪಾತ್ರೆಗೆ ಅದು ಹೊಳಪು ಕೊಡಬಹುದು. ಶಹಾಬಾದ್ ಕಲ್ಲಿಗೆ ಅದು ಆ್ಯಸಿಡ್‌ನ ತಮ್ಮ.

ಎಣ್ಣೆ ಎರೆಯುವ ಅಭ್ಯಾಸವೂ ಇಂತಹುದೇ. ಎಣ್ಣೆಗೆ ಧೂಳು ಅಂಟಿ, ದೀಪದ ಮಸಿ ಸೇರಿ, ಕೆಲವೇ ವರ್ಷಗಳಲ್ಲಿ ಅಕ್ಷರದ ಗುಳಿಗಳು ತುಂಬಿಹೋಗುತ್ತವೆ. ಎನಾಮಲ್ ಬಣ್ಣ ಬಳಿದರೆ ಒಳಗಿನ ತೇವ ಹೊರಬರಲಾರದೆ ಬಣ್ಣದೊಡನೆ ಕಲ್ಲಿನ ಪದರವನ್ನೂ ಕಳಚುತ್ತದೆ. ದೀಪವನ್ನು ಶಿಲೆಯಿಂದ ಒಂದಡಿ ದೂರದ ಹಣತೆಯಲ್ಲಿ ಬೆಳಗಿಸಿ, ಪತ್ರೆ-ಪುಷ್ಪಗಳನ್ನು ಮುಂದಿನ ಹಾಸುಗಲ್ಲಿನ ಮೇಲೆ ಅರ್ಪಿಸಿದರೆ ಭಕ್ತಿಗೆ ಕೊರತೆಯೇನೂ ಆಗದು.

ಶುದ್ಧಿಯ ಕ್ರಮ

ಕೈ ಹಚ್ಚುವ ಮುನ್ನ ಕಲ್ಲಿನ ನಾಲ್ಕೂ ಬದಿಯ ಛಾಯಾಚಿತ್ರ ತೆಗೆದಿಡಬೇಕು. ಮಾಸಿದ ಅಕ್ಷರಗಳನ್ನು ಓದಲು ಸುಣ್ಣ, ಹಿಟ್ಟು, ಸೀಮೆಸುಣ್ಣ ಹಚ್ಚುವುದು ಬೇಡ. ಸಂಜೆಯ ಓರೆಬಿಸಿಲಿನಲ್ಲಿ ಅಥವಾ ಪಕ್ಕದಿಂದ ಹಿಡಿದ ಟಾರ್ಚಿನ ಬೆಳಕಿನಲ್ಲಿ ಅವು ನೆರಳು ಕಟ್ಟಿ ಎದ್ದು ಕಾಣುತ್ತವೆ. ಕನ್ನಡದಲ್ಲಿ ಒಂದು ಒತ್ತಕ್ಷರ ಮಾಸಿದರೂ ಹೆಸರೇ ಬೇರೆಯಾಗುವುದರಿಂದ, ಓದಿದುದನ್ನು ಮನೆಯ ಹಿರಿಯರೊಡನೆ ಪರಿಶೀಲಿಸಿ ವಹಿಯಲ್ಲಿ ಬರೆದಿಡಬೇಕು.

ಬಳಿಕದ ಕ್ರಮ ಹೀಗಿದೆ:

1. ಬಿಳಿಯ ಉಪ್ಪಿನ ಪುಡಿಯಿದ್ದರೆ ಒಣಗಿರುವಾಗಲೇ ಮೃದುವಾದ ಬ್ರಷ್ಷಿನಿಂದ ಗುಡಿಸಿ ದೂರ ಚೆಲ್ಲಬೇಕು. ಮೊದಲೇ ನೀರು ಹಾಕಿದರೆ ಅದು ಕರಗಿ ಮತ್ತೆ ಒಳಗೆ ಸೇರುತ್ತದೆ.

2. ಇಡೀ ಕಲ್ಲನ್ನು ಶುದ್ಧ ನೀರಿನಿಂದ ನೆನೆಸಬೇಕು. ಪಾಚಿ, ಕಲ್ಲುಹೂವು ಇದ್ದಲ್ಲಿ ಹತ್ತು ಹದಿನೈದು ನಿಮಿಷ ತೇವವಾಗಿರಿಸಿ, ಮೆತ್ತಗಾದ ಮೇಲೆ ಬಿದಿರಿನ ಕಡ್ಡಿಯಿಂದ ಎಬ್ಬಿಸಬೇಕು. ಅದರೊಡನೆ ಕಲ್ಲಿನ ಚೂರೂ ಬರುವಂತಿದ್ದರೆ ಅಲ್ಲಿಗೇ ನಿಲ್ಲಿಸಬೇಕು.

3. ಮೃದುವಾದ ಬ್ರಷ್ಷಿನಿಂದ ಕೆಳಗಿನಿಂದ ಮೇಲಕ್ಕೆ ತೊಳೆಯುತ್ತಾ ಬರಬೇಕು. ಮೇಲಿನಿಂದ ಆರಂಭಿಸಿದರೆ ಕೊಳೆನೀರು ಕೆಳಗಿನ ಒಣಭಾಗಕ್ಕೆ ಇಳಿದು ಕಲೆಯಾಗಿ ನಿಲ್ಲುತ್ತದೆ. ಎಣ್ಣೆಜಿಡ್ಡಿದ್ದಲ್ಲಿ ಮಾತ್ರ, ಆಮ್ಲವೂ ಕ್ಷಾರವೂ ಅಲ್ಲದ ಸೌಮ್ಯ ದ್ರವಸಾಬೂನಿನ ಕೆಲವು ಹನಿಗಳನ್ನು ಒಂದು ಬಕೆಟ್ ನೀರಿಗೆ ಬೆರೆಸಬಹುದು.

4. ಕೊನೆಗೆ ಮೇಲಿನಿಂದ ಕೆಳಕ್ಕೆ ನೀರೆರೆದು ಸ್ವಚ್ಛಗೊಳಿಸಬೇಕು. ಗಡಸಾದ ಕೊಳವೆಬಾವಿಯ ನೀರು ಬಿಳಿಯ ಕಲೆ ಉಳಿಸುತ್ತದೆ. ಈ ಕೊನೆಯ ಎರೆತಕ್ಕಾದರೂ ಹಿಡಿದಿಟ್ಟ ಮಳೆನೀರನ್ನೋ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೋ ಬಳಸುವುದು ಲೇಸು.

ಕಟ್ಟೆಯ ಸಂದಿನಲ್ಲಿ ಅರಳಿ, ಆಲದ ಸಸಿ ಮೂಡಿದ್ದರೆ ಎಳೆದು ಕೀಳಬಾರದು. ಬೇರಿನೊಡನೆ ಕಲ್ಲೂ ಸಡಿಲವಾದೀತು. ಬುಡಕ್ಕೆ ಕತ್ತರಿಸಿ, ಚಿಗುರಿದಾಗಲೆಲ್ಲ ಮತ್ತೆ ಕತ್ತರಿಸುತ್ತಿದ್ದರೆ ಅದು ಬಲಗುಂದುತ್ತದೆ. ಕಲ್ಲು ಹೊಸದರಂತೆ ಹೊಳೆಯಬೇಕೆಂಬ ಆಸೆಯೂ ಬೇಡ. ಹೆಸರು ಓದಲು ಬಂದರೆ ಶುದ್ಧಿಯ ಕಾರ್ಯ ಪೂರ್ಣವಾದಂತೆ.

ದುರಸ್ತಿಯಲ್ಲಿ ಗಾರೆಯೇ ಮೇಲು

ಇಂದು ಯಾವ ಬಿರುಕು ಕಂಡರೂ ಸಿಮೆಂಟ್ ಮೆತ್ತುವುದು ರೂಢಿಯಾಗಿದೆ. ಮರಳುಗಲ್ಲಿನಂತಹ ಮೃದುಶಿಲೆಗಿಂತ ಸಿಮೆಂಟ್ ಗಡಸು, ತೇವವನ್ನು ಹೊರಬಿಡದು. ಕಟ್ಟೆಯೊಳಗಿನ ನೀರು ಆಗ ಪಕ್ಕದ ಕಲ್ಲಿನ ಮೂಲಕವೇ ಹೊರಬಂದು ಅದನ್ನು ಕೊರೆಯುತ್ತದೆ. ಹಳೆಯ ಗದ್ದುಗೆಗಳನ್ನು ಕಟ್ಟಿದವರು ಬಳಸಿದುದು ಸುಣ್ಣದ ಗಾರೆ. ಚೆನ್ನಾಗಿ ನೀರೂಡಿಸಿದ ಸುಣ್ಣ 1 ಪಾಲು, ಜರಡಿ ಹಿಡಿದು ತೊಳೆದ ಮರಳು 3 ಪಾಲು ಸಾಮಾನ್ಯವಾದ ಅಳತೆ. ತೇವವಿರುವ ಜಾಗಕ್ಕೆ ಮರಳಿನ ಸ್ವಲ್ಪ ಭಾಗದ ಬದಲು ಇಟ್ಟಿಗೆಪುಡಿ ಸೇರಿಸುತ್ತಾರೆ. ಬಿರುಬಿಸಿಲಿನಲ್ಲಿ ಈ ಕೆಲಸ ಕೂಡದು. ಮಳೆಗಾಲ ಕಳೆದು ಚಳಿಗಾಲ ಕಾಲಿಡುವ ದಿನಗಳಲ್ಲಿ ಮಾಡಿ, ಒದ್ದೆ ಗೋಣಿಚೀಲ ಹೊದಿಸಿ ಕನಿಷ್ಠ ಒಂದು ವಾರ ಆರದಂತೆ ಕಾಯಬೇಕು.

ಎರೆನೆಲದಲ್ಲಿ ವಾಲಿದ ಶಿಲೆಯನ್ನು ನೆಟ್ಟಗೆ ನಿಲ್ಲಿಸುವುದಾದರೆ, ಬುಡದ ಎರೆಮಣ್ಣನ್ನು ತೆಗೆದು ಗರಸು ಮತ್ತು ಜಲ್ಲಿ ತುಂಬಿ ದಮ್ಮಸು ಮಾಡಬೇಕು. ಸಮಾಧಿಯೊಳಗಿನ ನೆಲಕ್ಕೆ ಗುದ್ದಲಿ ತಾಗಕೂಡದು. ಶಿಲೆಯ ಹೊರಬದಿಯಿಂದಷ್ಟೇ, ಬೇಕಾದಷ್ಟೇ ಅಗೆಯಬೇಕು. ಒಂದು ಘನ ಅಡಿ ಕಣಶಿಲೆ ಸುಮಾರು 75 ಕಿಲೋ ತೂಗುತ್ತದೆಯಾದ್ದರಿಂದ ಒಬ್ಬಿಬ್ಬರೇ ಎತ್ತುವ ಸಾಹಸ ಸಲ್ಲದು. ಮುರಿದ ಕಲ್ಲಿನ ಪ್ರತಿಯೊಂದು ಚೂರನ್ನೂ ಕಾಯ್ದಿರಿಸಿ, ಜೋಡಿಸುವ ಕೆಲಸವನ್ನು ಅನುಭವಿ ಶಿಲ್ಪಿಗೆ ಒಪ್ಪಿಸಬೇಕು. ಕಬ್ಬಿಣದ ಸರಳು ಬಳಸಿದರೆ ಅದು ತುಕ್ಕು ಹಿಡಿದು ಉಬ್ಬಿ ಕಲ್ಲನ್ನು ಮತ್ತೆ ಸೀಳುತ್ತದೆ. ತುಕ್ಕು ಹಿಡಿಯದ ಉಕ್ಕಿನ ಸರಳೇ ಆಗಬೇಕು. ಮಾಸಿದ ಅಕ್ಷರಗಳ ಮೇಲೆ ಮತ್ತೆ ಉಳಿ ಆಡಿಸುವುದು ತಪ್ಪು. ಹೆಸರು ಓದಲಾಗದಂತಿದ್ದರೆ ಪಕ್ಕದಲ್ಲಿ ಚಿಕ್ಕದೊಂದು ಹೊಸ ಫಲಕವಿಟ್ಟು, ಹಳೆಯದನ್ನು ಇದ್ದಂತೆಯೇ ಬಿಡಬೇಕು.

ಅನುಮತಿ ಮತ್ತು ಸಹಮತ

ರುದ್ರಭೂಮಿಯಲ್ಲಿ ವೀರಗಲ್ಲು, ಹಳೆಯ ಶಾಸನ, ಪ್ರಾಚೀನ ಗದ್ದುಗೆ ಕಂಡುಬಂದರೆ ಮುಟ್ಟದೆ ಪುರಾತತ್ತ್ವ ಇಲಾಖೆಗೆ ತಿಳಿಸುವುದು ಕರ್ತವ್ಯ. ಕೇಂದ್ರದ 1958ರ ಮತ್ತು ರಾಜ್ಯದ 1961ರ ಸ್ಮಾರಕ ಕಾಯ್ದೆಗಳಂತೆ, ಸಂರಕ್ಷಿತವೆಂದು ಘೋಷಿತವಾದ ಸ್ಮಾರಕಗಳನ್ನು ಅನುಮತಿಯಿಲ್ಲದೆ ಬದಲಿಸುವುದು ಅಪರಾಧ. ಉಳಿದ ಸಮಾಧಿಗಳಿಗೆ ಆಯಾ ಮನೆತನದವರ ಒಪ್ಪಿಗೆ ಬೇಕು.

ವಾರಸುದಾರರು ಊರು ಬಿಟ್ಟುಹೋದ ಸಮಾಧಿಗಳು ಪ್ರತಿ ಗ್ರಾಮದಲ್ಲಿಯೂ ಇವೆ. ಅವುಗಳನ್ನು ಕೇಳುವವರಿಲ್ಲ. ಊರಿನ ಬಳಗವು ಹಿರಿಯರ ಸಮ್ಮತಿ ಪಡೆದು, ವರ್ಷಕ್ಕೊಂದು ದಿನ ಗೊತ್ತುಮಾಡಿ, ಮೊದಲು ಇಂತಹ ಸಮಾಧಿಗಳ ಹೆಸರುಗಳನ್ನು ಓದಿ ಬರೆದಿಡಲಿ, ಬಳಿಕ ಬುಡದ ನೀರಿಗೆ ದಾರಿ ಮಾಡಲಿ, ಆಮೇಲೆ ತೊಳೆಯಲಿ. ಎರಡು ಬಕೆಟ್ ನೀರು, ಒಂದು ಮೃದುವಾದ ಬ್ರಷ್, ಒಂದು ವಹಿ ಇದ್ದರೆ ಆರಂಭಕ್ಕೆ ಸಾಕು. ತನ್ನವರಲ್ಲದವರ ಹೆಸರನ್ನು ಉಳಿಸಲು ಸುರಿಸುವ ಬೆವರು ಕಾಯಕವೂ ಹೌದು, ದಾಸೋಹವೂ ಹೌದು.