ಅಕ್ಕಿಯ ಹೆಸರು ಕೇಳುವವರಾರು?

ಬೆಂಗಳೂರಿನ ಇಂದಿರಾನಗರದಲ್ಲಿ, ವಾಹನಗಳ ಗದ್ದಲ ತಗ್ಗದ ರಸ್ತೆಯೊಂದರ ಬದಿಯ ಪುಟ್ಟ ಸುಶಿ ಬಾರ್‌ಗೆ ಈಚೆಗೆ ಮಗಳ ಒತ್ತಾಯಕ್ಕೆ ಹೋಗಿದ್ದೆ. ಹೆಡತಲೆಯಲ್ಲಿ ನಮ್ಮ ಗದ್ದೆಯನ್ನು ನೋಡಿಕೊಳ್ಳುವ ತಮ್ಮನ ಮಗನೂ ಜೊತೆಗಿದ್ದ. ಇಲ್ಲಿ 'ಬಾರ್' ಎಂದರೆ ಮದ್ಯದಂಗಡಿಯಲ್ಲ; ಅಡುಗೆಯವನ ಎದುರಿಗಿರುವ ಉದ್ದನೆಯ ಕಟ್ಟೆ. ಅದರ ಮುಂದೆ ಎತ್ತರದ ಕುರ್ಚಿಗಳು. ಕಚೇರಿಯಿಂದ ನೇರವಾಗಿ ಬಂದು, ಅರ್ಧ ಗಂಟೆಯಲ್ಲಿ ತಿಂದು ಹೋಗುವ ತರುಣ ತರುಣಿಯರು. ಮೀನು ತಿನ್ನದ ನಮಗೆ ಬಂದದ್ದು ಸೌತೆಕಾಯಿಯ ಸುರುಳಿ: ಕಡಲಪಾಚಿಯ ತೆಳು ಹಾಳೆಯೊಳಗೆ ಹುಳಿ ಬೆರೆಸಿದ ಅನ್ನ, ನಡುವೆ ಸೌತೆಯ ಎಳೆ.

ಮೊದಲ ತುಂಡನ್ನು ಬಾಯಿಗಿಟ್ಟ ಹುಡುಗ ಕೇಳಿದ: "ಇದ್ಯಾವ ಭತ್ತದ ಅಕ್ಕಿ, ದೊಡ್ಡಪ್ಪ?" ನನಗೆ ತಿಳಿದಿರಲಿಲ್ಲ. ಮಗಳು ಅಡುಗೆಯವನನ್ನು ವಿಚಾರಿಸಿದಳು. ಆತ ಕೈಯ ಕೆಲಸ ನಿಲ್ಲಿಸದೆಯೇ ಹೇಳಿದ: ಕೋಶಿಹಿಕಾರಿ.

ಸುಶಿ ಎಂದರೆ ಹಸಿ ಮೀನು ಎಂಬುದು ನಮ್ಮಲ್ಲನೇಕರ ಕಲ್ಪನೆ. ವಾಸ್ತವವಾಗಿ ಆ ಹೆಸರು ಸಲ್ಲುವುದು ಹುಳಿ ಅನ್ನಕ್ಕೆ. ಮೀನು ಕೆಡದಂತೆ ಅನ್ನದಲ್ಲಿ ಹುದುಗಿಸಿಡುತ್ತಿದ್ದ ಪ್ರಾಚೀನ ವಿಧಾನದಿಂದ ಅದು ಹುಟ್ಟಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಎಡೊ ನಗರದ, ಎಂದರೆ ಇಂದಿನ ಟೋಕಿಯೊದ, ಬೀದಿ ಅಂಗಡಿಗಳಲ್ಲಿ ಅವಸರದ ಜನರ ತಿಂಡಿಯಾಯಿತು. 1958ರಲ್ಲಿ ಒಸಾಕಾ ಬಳಿ ತಟ್ಟೆಗಳು ಯಂತ್ರದ ಪಟ್ಟಿಯ ಮೇಲೆ ಸುತ್ತುವ ಅಗ್ಗದ ಸುಶಿ ಅಂಗಡಿ ತೆರೆಯಿತು. ನಮ್ಮ ದರ್ಶಿನಿಗಳ ಹಾಗೆ, ಇದೂ ಮೂಲತಃ ಸಾಮಾನ್ಯರ ಊಟ. ಆದರೂ ಅಲ್ಲಿ ಅಕ್ಕಿ ತನ್ನ ಹೆಸರನ್ನು ಕಳೆದುಕೊಳ್ಳಲಿಲ್ಲ. ಜಪಾನಿನಲ್ಲಿ ಅಕ್ಕಿಯ ಚೀಲದ ಮೇಲೆ ತಳಿ, ಬೆಳೆದ ಪ್ರಾಂತ್ಯ, ಕೊಯ್ಲಿನ ವರ್ಷ ಇರುತ್ತವೆ. 1956ರಲ್ಲಿ ಬಿಡುಗಡೆಯಾದ ಕೋಶಿಹಿಕಾರಿ ಅಲ್ಲಿ ಮನೆಮಾತು. ನೀಗಾತಾ ಪ್ರಾಂತ್ಯದಲ್ಲಿ ಬೆಳೆದದ್ದಕ್ಕೆ ವಿಶೇಷ ಮನ್ನಣೆ.

ನಮ್ಮ ಸ್ಥಿತಿ ನೋಡಿ. 2025-26ನೇ ಸಾಲಿಗೆ ಕೇಂದ್ರ ಸರ್ಕಾರ ಪ್ರಕಟಿಸಿದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲ್ 'ಸಾಮಾನ್ಯ' ಭತ್ತಕ್ಕೆ 2,369 ರೂಪಾಯಿ, 'ಎ' ದರ್ಜೆಗೆ 2,389 ರೂಪಾಯಿ. ವ್ಯತ್ಯಾಸ ಕಿಲೋಗೆ 20 ಪೈಸೆ! ದರ್ಜೆ ನಿರ್ಧಾರವಾಗುವುದು ಕಾಳಿನ ಉದ್ದಗಲದ ಮೇಲೆ. ರುಚಿ, ಪರಿಮಳಗಳಿಗೆ ಅಲ್ಲಿ ಸ್ಥಾನವಿಲ್ಲ. ಕೋಶಿಹಿಕಾರಿಯ ಗಿಡ್ಡ ಕಾಳು ನಮ್ಮ ಖರೀದಿ ಕೇಂದ್ರಕ್ಕೆ ಬಂದರೆ 'ಸಾಮಾನ್ಯ'ದ ಪಟ್ಟಿಗೇ ಸೇರೀತು.

ಸೇವೆಯಲ್ಲಿದ್ದಾಗ ಇಂಥ ಖರೀದಿಯ ಸಭೆಗಳಲ್ಲಿ ನಾನೂ ಕುಳಿತಿದ್ದೇನೆ. ಎಷ್ಟು ಕ್ವಿಂಟಲ್ ಬಂತು, ತೇವಾಂಶವೆಷ್ಟು, ಅಕ್ಕಿಯ ಇಳುವರಿ ನಿಗದಿಯಂತೆ ನೂರಕ್ಕೆ 67 ಬಂದಿತೇ ಎಂದು ಕೇಳಿದ್ದೇನೆ. ಯಾವ ತಳಿ ಎಂದು ಒಮ್ಮೆಯೂ ಕೇಳಲಿಲ್ಲ. ಪಡಿತರದ ದೃಷ್ಟಿಯಿಂದ ಅದು ಸರಿಯೇ. ಹಸಿದವನಿಗೆ ಮೊದಲು ಅಕ್ಕಿ ಬೇಕು, ಹೆಸರಲ್ಲ. ಆದರೆ ಅದೇ ಅಳತೆಗೋಲನ್ನು ಇಡೀ ಮಾರುಕಟ್ಟೆಗೆ ಒಗ್ಗಿಸಿದ ಪರಿಣಾಮವಾಗಿ, ಒಳ್ಳೆಯದನ್ನು ಬೆಳೆಯಲು ರೈತನಿಗೆ ಕಾರಣವೇ ಉಳಿಯಲಿಲ್ಲ. ಕಬಿನಿ ನಾಲೆಗಳ ನೀರುಣ್ಣುವ ನಂಜನಗೂಡು, ತಿ. ನರಸೀಪುರದ ಗದ್ದೆಗಳಲ್ಲಿ ಹೆಚ್ಚು ತೂಗುವ ಭತ್ತವೇ ಗೆದ್ದಿತು. ಮೈಸೂರು ಅರಸರಿಗೆ ಪ್ರಿಯವಾಗಿತ್ತೆನ್ನುವ ರಾಜಮುಡಿಯಂಥವು ಮೂಲೆ ಸೇರಿದವು.

ಹೆಸರೊಂದಿದ್ದರೆ ಸಾಕೆಂದೂ ಅಲ್ಲ. ನಂಜನಗೂಡಿನ ರಸಬಾಳೆಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತು ಬಹಳ ವರ್ಷಗಳಾದವು. ಸೊರಗು ರೋಗದಿಂದ ನಲುಗಿದ ತೋಟಗಳನ್ನು ಅದೊಂದೇ ಉಳಿಸಲಾರದು. ಜಪಾನಿನ ನೀತಿಯೆಲ್ಲವೂ ಅನುಕರಣೀಯವೂ ಅಲ್ಲ. ದಶಕಗಳ ಕಾಲ ಭತ್ತದ ಬೇಸಾಯವನ್ನು ಸರ್ಕಾರವೇ ಮಿತಗೊಳಿಸಿ, 2018ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟಿತು. ಆಮದು ಸುಂಕದ ಗೋಡೆಯಂತೂ ಬಹಳ ಎತ್ತರ. 2025ರಲ್ಲಿ ಅಲ್ಲಿ ಐದು ಕಿಲೋ ಅಕ್ಕಿಯ ಬೆಲೆ 4,000 ಯೆನ್ ದಾಟಿ, ಹಿಂದಿನ ವರ್ಷದ ಸುಮಾರು ಎರಡರಷ್ಟಾದಾಗ ಗೃಹಿಣಿಯರು ಕಂಗಾಲಾದರು.

ನಾವು ಕಲಿಯಬೇಕಾದದ್ದು ಸುಂಕದ ಗೋಡೆಯನ್ನಲ್ಲ, ಚೀಲದ ಮೇಲಿನ ಬರಹವನ್ನು. ಅದಕ್ಕೆ ಭಾರೀ ಯೋಜನೆ ಬೇಡ. ಹತ್ತು ಊರಿನ ಭತ್ತ ಒಂದೇ ರಾಶಿಯಾಗುವ ಮಿಲ್ಲಿನಲ್ಲಿ ತಳಿಯ ಗುರುತು ಅಳಿಸಿಹೋಗುತ್ತದೆ. ತಳಿವಾರು ಪ್ರತ್ಯೇಕವಾಗಿ ಅಕ್ಕಿ ಮಾಡಿಕೊಡುವ ಸಣ್ಣ ಗಿರಣಿಗಳಿಗೆ ರೈತ ಉತ್ಪಾದಕ ಸಂಸ್ಥೆಗಳ ಮೂಲಕ ಸಾಲ ಕೊಡಬಹುದು. ಚೀಲದ ಮೇಲೆ ತಳಿ, ತಾಲ್ಲೂಕು, ಕೊಯ್ಲಿನ ವರ್ಷ ನಮೂದಾಗಲಿ. ಅದಕ್ಕಿಂತ ಮುಖ್ಯವಾಗಿ, ಸುಶಿಗೆ ನೂರಾರು ರೂಪಾಯಿ ತೆರಲು ಹಿಂಜರಿಯದ ನಮ್ಮ ಮಧ್ಯಮ ವರ್ಗ ತನ್ನ ದಿನಸಿ ಅಂಗಡಿಯಲ್ಲಿಯೂ ಅಕ್ಕಿಯ ಹೆಸರು, ಊರು ಕೇಳಬೇಕು. ಕೇಳುವ ಗಿರಾಕಿಯಿಲ್ಲದ ಗುಣಕ್ಕೆ ಬೆಲೆ ಕಟ್ಟುವ ಮಾರುಕಟ್ಟೆ ಯಾವ ಅರ್ಥಶಾಸ್ತ್ರದಲ್ಲಿಯೂ ಇಲ್ಲ.

ಹಿಂದಿರುಗುವಾಗ ಕಾರಿನಲ್ಲಿ ಹುಡುಗ ಬಹಳ ಹೊತ್ತು ಸುಮ್ಮನಿದ್ದ. ರಾಮನಗರ ದಾಟಿದ ಮೇಲೆ ಹೇಳಿದ: "ನಮ್ ಭತ್ತಕ್ಕೂ ಹೆಸರದೆ, ದೊಡ್ಡಪ್ಪ. ಮಿಲ್ ಬಾಗ್ಲುಗಂಟ."