ಅವನಿಗೆ ಬೇಕಿದ್ದುದು ಬಿಸ್ಕತ್ತಲ್ಲ, ಕೆಲಸ!

ಪಿಯುಸಿ ಮುಗಿದ ರಜೆಯಲ್ಲಿ ಅಪ್ಪನ ಹತ್ತಿರ ಹಟ ಹಿಡಿದು ಜರ್ಮನ್ ಶೆಫರ್ಡ್ ಮರಿಯೊಂದನ್ನು ಮನೆಗೆ ತಂದಿದ್ದೆ. ಟೈಗರ್ ಅಂತ ಹೆಸರಿಟ್ಟೆ. ಬಿಇ ಸೀಟು ಸಿಕ್ಕಿ ನಾನು ಹಾಸ್ಟೆಲ್ ಸೇರಿದ ಮೇಲೆ ಅಮ್ಮನ ಫೋನ್ ಬಂದಾಗಲೆಲ್ಲ ಅವನದೇ ದೂರು. ‘ನಿನ್ನ ನಾಯಿ ಹೂವಿನ ಗಿಡ ಎಲ್ಲ ಕೆದರಿ ಹಾಕಿದೆ’, ‘ಅಪ್ಪನ ಚಪ್ಪಲಿ ಕಚ್ಚಿ ಹರಿದಿದೆ’, ‘ಮಕ್ಕಳು ಆಡ್ತಿದ್ರೆ ಸುತ್ತು ಹಾಕಿ ಎಲ್ಲರನ್ನೂ ಒಂದೇ ಕಡೆ ಸೇರಿಸುತ್ತೆ ಕಣೋ!’

ಕೊನೆಯ ದೂರಿಗೆ ನಗು ಬಂತು. ಆದರೆ ಉತ್ತರ ಇದ್ದದ್ದೂ ಅಲ್ಲೇ. ಶೆಫರ್ಡ್ ಅಂದರೆ ಕುರಿ ಕಾಯುವವನು. 1899ರಲ್ಲಿ ಜರ್ಮನಿಯ ಮಾಜಿ ಸೇನಾಧಿಕಾರಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಜ್, ಪ್ರದರ್ಶನವೊಂದರಲ್ಲಿ ಕಂಡ ಕುರಿನಾಯಿಯನ್ನು ಕೊಂಡು ಹೋರಾಂಡ್ ಎಂದು ಹೆಸರಿಟ್ಟರು. ಈ ತಳಿಯ ದಾಖಲೆ ಪುಸ್ತಕದಲ್ಲಿ ಮೊದಲ ಹೆಸರು ಅದರದ್ದೇ. ಬೇಲಿಯಿಲ್ಲದ ಹೊಲಗಳ ನಡುವೆ ಮಂದೆ ಮೇಯುವಾಗ, ಬೆಳೆಗೆ ಬಾಯಿ ಹಾಕದಂತೆ ಅಂಚಿನುದ್ದಕ್ಕೂ ದಿನವಿಡೀ ಓಡಾಡುವುದು ಇವುಗಳ ಕಾಯಕವಾಗಿತ್ತು. ಆಮೇಲೆ ಸೇನೆ, ಪೊಲೀಸ್ ಶ್ವಾನದಳಗಳು ಇವುಗಳನ್ನು ಕರೆಸಿಕೊಂಡವು. ಇಂಥ ನಾಯಿಯನ್ನು ಗೇಟಿಗೆ ಕಟ್ಟಿ ಹಾಕಿದರೆ ಗಿಡ ಕೆದರದೆ ಇನ್ನೇನು ಮಾಡೀತು?

ಅಪ್ಪ ಆಟದ ನಿಯಮ ಬದಲಿಸಿದರು. ಬೆಳಿಗ್ಗೆ, ಸಂಜೆ ಬಿಸಿಲಿಲ್ಲದ ಹೊತ್ತಿನಲ್ಲಿ ವಾಕಿಂಗ್. ಬಚ್ಚಿಟ್ಟ ಚೆಂಡು ಹುಡುಕುವ ಆಟ. ಗೇಟಿನಿಂದ ಪೇಪರ್ ತರುವ ಡ್ಯೂಟಿ. ತಿಂಗಳೊಳಗೆ ಅಮ್ಮನ ದೂರು ಅರ್ಧವಾಯಿತು.

ಸಾಕುವ ಆಸೆ ನಿಮಗೂ ಇದ್ದರೆ ಕೆಲವು ಮಾತು. ಬೆಳೆದ ಗಂಡುನಾಯಿ 30ರಿಂದ 40 ಕೆ.ಜಿ. ತೂಗುತ್ತದೆ. ಸೊಂಟದ ಕೀಲಿನ ತೊಂದರೆ ಈ ತಳಿಯಲ್ಲಿ ಸಾಮಾನ್ಯ. ಹಾಗಾಗಿ ಮರಿಯನ್ನು ದಪ್ಪ ಮಾಡಬೇಡಿ, ಎತ್ತರದಿಂದ ಜಿಗಿಸಬೇಡಿ. ಕೊಳ್ಳುವ ಮುಂಚೆ ತಾಯಿ-ತಂದೆ ನಾಯಿಗಳ ಆರೋಗ್ಯ ವಿಚಾರಿಸಿ. ಊಟ ಒಂದೇ ಸಲಕ್ಕೆ ರಾಶಿ ಹಾಕದೆ ಎರಡು ಹೊತ್ತು ಹಂಚಿ ಕೊಡಿ. ಉಂಡ ತಕ್ಷಣ ಓಡಿಸಬೇಡಿ. ಮೈಮೇಲೆ ಎರಡು ಪದರ ಕೂದಲಿರುವುದರಿಂದ ವರ್ಷವಿಡೀ ಉದುರುತ್ತದೆ, ಬಾಚಲೇಬೇಕು. ಸೆಕೆಯೆಂದು ಬೋಳಿಸಬಾರದು. ಪಾರ್ವೊ, ಡಿಸ್ಟೆಂಪರ್, ರೇಬೀಸ್ ಲಸಿಕೆ ತಪ್ಪಿಸಬಾರದು.

‘ಮೊದಲ ಸಂಬಳಕ್ಕೆ ಒಂದು ಜರ್ಮನ್ ಶೆಫರ್ಡ್’ ಎನ್ನುವ ಗೆಳೆಯರು ನನಗೂ ಇದ್ದಾರೆ. ಈ ನಾಯಿ ಹತ್ತು-ಹನ್ನೆರಡು ವರ್ಷ ಬದುಕುತ್ತದೆ. ಅಷ್ಟರಲ್ಲಿ ನಮಗೆ ಎಷ್ಟು ಬಾಡಿಗೆ ರೂಮು, ಎಷ್ಟು ಊರು, ಎಷ್ಟು ನೈಟ್ ಶಿಫ್ಟ್ ಬದಲಾಗುತ್ತವೋ! ಮರಿಯ ಬೆಲೆ ಕೇಳುವ ಮೊದಲು, ಬೆಳಿಗ್ಗೆ ಆರಕ್ಕೆ ಎದ್ದು ಅದನ್ನು ಓಡಾಡಿಸುವವರು ಯಾರು ಎಂದು ಕೇಳಿಕೊಳ್ಳಿ. ನಾನು ಕೇಳಿಕೊಂಡಿರಲಿಲ್ಲ. ಮಂಡಿ ನೋವಿದ್ದರೂ ಅಪ್ಪ ಆ ಕೆಲಸ ಹೊತ್ತುಕೊಂಡರು.

ರಜೆಗೆ ಊರಿಗೆ ಹೋದರೆ ಟೈಗರ್ ಈಗಲೂ ನನ್ನ ಮೈಮೇಲೆ ಹಾರುತ್ತಾನೆ. ಆದರೆ ನಾನು ‘ಕೂರು’ ಎಂದರೆ ಮೊದಲು ಅಪ್ಪನ ಮುಖ ನೋಡುತ್ತಾನೆ.